ಮೂರುಕೂಗಿನ ಗುಡ್ಡ

ತಾರಿಕೊಡ್ಲಿಗೆ ಬರುವ ಪ್ರವಾಸಿಗರು ಮೊದಲು ಕಡಲತೀರ ನೋಡುತ್ತಾರೆ, ಆಮೇಲೆ ದೀಪಸ್ತಂಭ, ಆಮೇಲೆ ದೋಣಿ ಹತ್ತಿ ನಡುನೀರಿನ ಕುದುರು. ಬಿಸಿಲು ತಗ್ಗಿದ ಮೇಲೆ ಬಡಗಣ ಮೂಲೆಯ ಗುಡ್ಡ ಹತ್ತುತ್ತಾರೆ. ನೂರಾಹನ್ನೆರಡು ಮೆಟ್ಟಿಲು, ಮೇಲೆ ಕಬ್ಬಿಣದ ಕಟಕಟೆ, ಮೂರು ಕಲ್ಲುಬೆಂಚು. ಊರಿನಿಂದ ಮೂರು ಕೂಗಳತೆ ದೂರವಿದೆ, ಅದಕ್ಕೇ ಮೂರುಕೂಗಿನ ಗುಡ್ಡ ಎಂದು ರಿಕ್ಷಾದವರು ಧೈರ್ಯವಾಗಿ ಹೇಳಿಬಿಡುತ್ತಾರೆ. ಎಲ್ಲಿಯ ಕೂಗಳತೆ! ಗಂಟಲು ಹರಿಯುವಂತೆ ಹತ್ತು ಸಲ ಕೂಗಿದರೂ ಪೇಟೆಗೆ ಕೇಳಿಸದು. ಹಳಬರು ಹೇಳುವುದೇ ಬೇರೆ.

ಹಿಂದೆ ಒಮ್ಮೆ, ದೀಪಸ್ತಂಭ ಇಲ್ಲದ ಕಾಲದಲ್ಲಿ, ಗುಡ್ಡದ ಬುಡದಲ್ಲಿ ಅಂಬಿಗರ ಒಂಟಿಮನೆಯೊಂದಿತ್ತಂತೆ. ಅಲ್ಲಿದ್ದವರು ಜಟ್ಟಿ, ಅವನ ಹೆಂಡತಿ ಸೋಮಿ, ಅವನ ಮುದುಕಿ ತಾಯಿ. ಮದುವೆಯಾಗಿ ಆರು ವರ್ಷವಾದರೂ ಸೋಮಿಯ ಬಾಯಲ್ಲಿ ಗಂಡನ ಹೆಸರು ಬಂದಿರಲಿಲ್ಲ. ಹೆಂಡತಿಯಾದವಳು ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ. ಊಟಕ್ಕೂ 'ಹೋಯ್', ಜಗಳಕ್ಕೂ 'ಹೋಯ್'. ಕಡಲಿಗಿಳಿಯುವವರಿಗೆ ಇನ್ನೊಂದು ಕಟ್ಟಳೆಯಿತ್ತು. ನೀರಿನ ಮೇಲೆ ಬರಿಯ 'ಹೋಯ್' ಕೇಳಿದರೆ ಅತ್ತ ದೋಣಿ ತಿರುಗಿಸಬಾರದು, ಅದು ಮುಳುಗಿ ಸತ್ತವರ ಕರೆ. ಹೆಸರು ಹಿಡಿದು ಕರೆದರೂ ಮೂರನೆಯ ಸಲಕ್ಕೇ ಓಗೊಡಬೇಕು. ಪ್ರೇತಕ್ಕೆ ಎರಡು ಕೂಗಿಗಿಂತ ಹೆಚ್ಚು ಉಸಿರಿಲ್ಲ ಎನ್ನುತ್ತಾರೆ.

ಒಂದು ಮಾಗಿಯ ಬೆಳಿಗ್ಗೆ ಜಟ್ಟಿ ಬಲೆ ಎಳೆಯಲು ಒಬ್ಬನೇ ಹೋಗಿದ್ದಾಗ ದಟ್ಟ ಮಂಜು ಕವಿಯಿತು. ಗುಡ್ಡದ ಪಡುವಣಕ್ಕೆ ನೀರಿನಡಿ ಬಂಡೆಗಳ ಸಾಲು. ದಿಕ್ಕು ತಪ್ಪಿದರೆ ದೋಣಿ ಚೂರುಚೂರು. ಕರೆದು ದಾರಿ ತೋರಿಸಲು ಸುತ್ತ ಬೇರೆ ಗಂಡಸರಿರಲಿಲ್ಲ. ತಾಯಿ ಅಂಗಳದಲ್ಲಿ ನಿಂತು ಮಗನನ್ನು ಕರೆದಳು. ಅವಳ ಸ್ವರ ಬೇಲಿಯನ್ನೂ ದಾಟಲಿಲ್ಲ. ಸೋಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡ್ಡದತ್ತ ಹೊರಟಾಗ ಮುದುಕಿ ಕೈ ಹಿಡಿದಳಂತೆ.

"ಹೆಸರು ಹಿಡೀಬೇಡವೇ, ಅವನ ಆಯುಷ್ಯ ಹೋಗ್ತದೆ."

"ಅವ್ರೇ ಬರದಿದ್ರೆ ಆ ಆಯುಷ್ಯ ಇಟ್ಕಂಡು ನಾವೆಂತ ಮಾಡೂದು ಅತ್ತೆ?"

ಮೇಲೆ ಹತ್ತಿ ಕಡಲಿಗೆ ಮುಖಮಾಡಿದಳು. ಏನೂ ಕಾಣದು. "ಜಟ್ಟೀ" ಎಂದು ಮೊದಲು ಕರೆದಾಗ ನಾಚಿಕೆಗೆ, ಹೆದರಿಕೆಗೆ ಸ್ವರ ಅರ್ಧಕ್ಕೇ ನಿಂತಿತು. ಎರಡನೆಯದು ಅಳುವಿನಲ್ಲಿ ಒಡೆಯಿತು. ತಾನೇ ಗಂಡನನ್ನು ಕೊಲ್ಲುತ್ತಿದ್ದೇನೋ ಎಂದು ಅವಳ ಜೀವ ಹಾರಿಹೋಗುತ್ತಿತ್ತು. ಮೂರನೆಯ ಸಲ ಕಣ್ಣು ಮುಚ್ಚಿ, ಹೊಟ್ಟೆಯಲ್ಲಿದ್ದ ಬಲವನ್ನೆಲ್ಲ ಹಾಕಿ ಕೂಗಿದಳು. ಮಂಜಿನೊಳಗಿಂದ "ಓ" ಎಂದು ಕೇಳಿಸಿತು, ತೀರಾ ಬಂಡೆಗಳ ಹತ್ತಿರದಿಂದ. ಸೋಮಿಯ ದನಿಯ ಗುರುತು ಹಿಡಿದು ಜಟ್ಟಿ ದೋಣಿ ತಿರುಗಿಸಿ ಮರಳಿಗೆ ತಂದ.

"ಮೊದಲ್ನೇ ಕೂಗಿಗೇ ನೀನೇ ಅಂತ ಗೊತ್ತಾಯ್ತು" ಎಂದನಂತೆ.

"ಮತ್ಯಾಕೆ ಓ ಅನ್ಲಿಲ್ಲ?" ಸೋಮಿಗೆ ಸಿಟ್ಟು ನೆತ್ತಿಗೇರಿತ್ತು.

"ಆರು ವರ್ಷಕ್ಕೆ ಸಿಕ್ಕಿದ್ದು. ಇನ್ನೊಂದೆರಡು ಸಲ ಕೇಳ್ವ ಅನ್ನಿಸ್ತು."

ಜಟ್ಟಿಯ ಆಯುಷ್ಯವೇನೂ ಕಡಿಮೆಯಾಗಲಿಲ್ಲ, ಹಲ್ಲೆಲ್ಲ ಉದುರಿ, ಮರಿಮಕ್ಕಳನ್ನು ಕಂಡೇ ಹೋದ ಎನ್ನುತ್ತಾರೆ.

ಇಂದಿಗೂ ಮದುವೆಯ ಮರುದಿನ ಇಲ್ಲಿಯ ಅಂಬಿಗರು ಮದುಮಗಳನ್ನು ಗುಡ್ಡ ಹತ್ತಿಸುತ್ತಾರೆ. ಸೆಲ್ಫಿ ತೆಗೆಯುವ ಪ್ರವಾಸಿಗರ ನಡುವೆಯೇ ನಿಂತು ಅವಳು ಗಂಡನ ಹೆಸರನ್ನು ಮೂರು ಸಲ ಕೂಗುತ್ತಾಳೆ. ಕೆಳಗೆ ಮರಳಿನಲ್ಲಿ ನಿಂತ ಮದುಮಗನಿಗೆ ಮೊದಲನೆಯದೇ ಚೆನ್ನಾಗಿ ಕೇಳಿಸಿರುತ್ತದೆ. ಆದರೂ ಮೂರನೆಯದು ಬರುವವರೆಗೆ ಅವನು ಓಗೊಡುವುದಿಲ್ಲ.