ಆರು ಗಂಟೆಗೆ ಕೂಗದ ಸೈರನ್

ನದಿ ದಂಡೆಯ ಮಠದಲ್ಲಿ ಒಬ್ಬ ಗುರುಗಳಿದ್ದರು. ಊರವರಿಗೆಲ್ಲ ಅವರು ಅಜ್ಜಾರು. ಶಿಷ್ಯ ತೋಂಟೇಶನಿಗೆ ಪ್ರೋಗ್ರಾಂ ಬರೆಯುವುದನ್ನು ಹೇಳಿಕೊಟ್ಟವರೂ ಅವರೇ.

ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಸ್ನಾನಘಟ್ಟದಲ್ಲಿದ್ದವರನ್ನು ಎಚ್ಚರಿಸಲು ಒಂದು ಸೈರನ್ ಇತ್ತು. ಅದನ್ನು ಕೂಗಿಸುವ ಪ್ರೋಗ್ರಾಂ ತೋಂಟೇಶನದು. ಎರಡು ತಿಂಗಳು ಕೂತು ಬರೆದಿದ್ದ.

ಒಂದು ಸಂಜೆ ನೀರು ಏರಿತು. ಸೈರನ್ ಕೂಗಲಿಲ್ಲ. ಬಟ್ಟೆ ಒಗೆಯುತ್ತಿದ್ದ ಪಾರವ್ವ ಕೊಚ್ಚಿಕೊಂಡು ಹೋಗುತ್ತಿದ್ದಳು, ಕಲ್ಲುಕಂಬ ಕೈಗೆ ಸಿಕ್ಕಿ ಬದುಕಿದಳು.

ತೋಂಟೇಶನಿಗೆ ಅನ್ನ ಸೇರಲಿಲ್ಲ. ಮರುದಿನ ಬೆಳಿಗ್ಗೆ ತಪ್ಪು ಹುಡುಕಿಕೊಂಡು ಗುರುಗಳ ಮುಂದೆ ಕೂತ.

“ಅಜ್ಜಾರ, ಆರು ಗಂಟೆಗಿಂತ ಮೊದಲಾದ್ರ ಹಗಲು, ಆರು ದಾಟಿದ್ರ ರಾತ್ರಿ ಅಂತ ಬರದಿದ್ದೆ. ನೀರು ಬಂದಾಗ ಸರಿಯಾಗಿ ಆರು ಆಗಿತ್ತು. ಅದು ಎರಡರಾಗೂ ಸೇರಲಿಲ್ಲ. ಈಗ ಆರು ಗಂಟೆಗಂತ ಇನ್ನೊಂದು ಷರತ್ತು ಹಾಕೇನ್ರಿ.”

“ಎಲ್ಲಾ ಸೇರಿ ಎಷ್ಟಾದವು?”

“ಹದಿನಾಲ್ಕು ರೀ.” ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಪಾಪ.

ಗುರುಗಳು ಪೂಜೆಯ ಗಂಟೆಯನ್ನು ಅವನ ಕೈಗಿಟ್ಟರು. “ಅದು ಸರಿಹೋಗೋ ತನಕ ನೀನೇ ಸೈರನ್. ಹೋಗು, ಘಟ್ಟದಾಗ ಕೂಡು.”

ತೋಂಟೇಶ ಮೆಟ್ಟಿಲ ಮೇಲೆ ಕೂತ. ಅಪಾಯದ ಮಟ್ಟ ತೋರಿಸಲು ಕಲ್ಲಿಗೆ ಬಳಿದ ಕೆಂಪು ಗೆರೆಯಿಂದ ಕಣ್ಣು ತೆಗೆಯಲಿಲ್ಲ. ಮಧ್ಯಾಹ್ನ ನೀರು ಗೆರೆ ಮುಟ್ಟಿತು. ತೋಳು ಸೋಲುವ ತನಕ ಬಾರಿಸಿದ. ಜನ ದಡಬಡ ಮೇಲೆ ಹತ್ತಿದರು.

ಗುರುಗಳು ಬಂದರು. “ಬಾರಿಸೋ ಮುಂಚೆ ಗಡಿಯಾರ ನೋಡಿದೇನು?”

“ಇಲ್ರಿ.”

“ಎಷ್ಟು ಮಂದಿ ಅದಾರಂತ ಎಣಿಸಿದೇನು?”

“ಇಲ್ರಿ.”

“ಇವತ್ತು ಯಾವ ವಾರ?”

“ನೆನಪಾಗ್ಲಿಲ್ರಿ ಅಜ್ಜಾರ. ನೀರು ಗೆರಿ ಮುಟ್ತು, ಬಾರಿಸಿದೆ.”

ಗುರುಗಳು ಮಠದ ಕಡೆ ಹೊರಟರು.

ತೋಂಟೇಶ ತನ್ನ ಷರತ್ತುಗಳನ್ನು ಮತ್ತೆ ಓದಿದ. ನೀರು ಗೆರೆ ಮುಟ್ಟಿ ಹಗಲಾಗಿದ್ದರೆ ಕೂಗು, ರಾತ್ರಿಯಾಗಿದ್ದರೂ ಕೂಗು. ಜನರಿದ್ದರೆ ಕೂಗು, ಇಲ್ಲದಿದ್ದರೂ ಕೂಗು. ಸೋಮವಾರವಾಗಿದ್ದರೆ ಕೂಗು, ಬೇರೆ ವಾರವಾಗಿದ್ದರೂ ಕೂಗು. ಹದಿನಾಲ್ಕರಲ್ಲಿ ಒಂದೂ ಬೇರೆ ಮಾತು ಹೇಳುತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಅಳಿಸುತ್ತಾ ಹೋದ. ನೀರು ಗೆರೆ ಮುಟ್ಟಿದರೆ ಕೂಗು ಎಂಬುದೊಂದೇ ಉಳಿಯಿತು.

ಗುರುಗಳ ಬಳಿ ಹೋದಾಗ ಅವನ ಮುಖ ಸಪ್ಪಗಿತ್ತು.

“ಅಜ್ಜಾರ, ಎರಡು ತಿಂಗಳ ದುಡಿಮಿ ಒಂದೇ ಸಾಲಾತು. ಇದನ್ನ ಯಾರಿಗಂತ ತೋರಿಸ್ಲಿ?”

“ನಾಳಿ ಪಾರವ್ವ ಅರಿವಿ ಒಗ್ಯಾಕ ಬರ್ತಾಳ. ಆಕಿಗೆ ತೋರಿಸು.”