ಕಟ್ಟು ಹಾಕದ ಹರಿಗೋಲು

“ಸರ್, ಯಾವ ಕೆಲಸವನ್ನೂ ಮಾಡದ ಎಳೆಯನ್ನು ದೇಹ ಯಾಕೆ ನೇಯುತ್ತದೆ?” ಎಂದು ನೀಲಾಂಬಿಕೆ ಕೇಳಿದಳು.

ಭ್ರೂಣದ ಬೆಳವಣಿಗೆಯನ್ನು ಕಲಿಸುವ ಗುರುಗಳ ಪ್ರಯೋಗಶಾಲೆಯಲ್ಲಿ ಅವಳು ಶಿಷ್ಯೆ. ಜೀವಕೋಶದೊಳಗೆ ತೀರ ಸಣ್ಣವೂ ಅಲ್ಲದ, ತೀರ ದಪ್ಪವೂ ಅಲ್ಲದ ನಡುಗಾತ್ರದ ಪ್ರೋಟೀನ್ ಎಳೆಗಳಿವೆ. ನರವೂ ಸ್ನಾಯುವೂ ಇನ್ನೂ ಎಳಸಾಗಿರುವಾಗ ಅಲ್ಲಿ ವಿಮೆಂಟಿನ್ ಎಂಬ ಎಳೆ ಇರುತ್ತದೆ. ಬೆಳೆದಂತೆ ಅದು ಜಾಗ ಬಿಡುತ್ತದೆ. ಸ್ನಾಯುವಿನಲ್ಲಿ ಡೆಸ್ಮಿನ್ ಬರುತ್ತದೆ, ನರದಲ್ಲಿ ನ್ಯೂರೋಫಿಲಮೆಂಟ್ ಬರುತ್ತದೆ. ಸ್ನಾಯುವನ್ನು ಕುಗ್ಗಿಸುವುದು ಇವಲ್ಲ, ನರದಲ್ಲಿ ಸುದ್ದಿ ಒಯ್ಯುವುದೂ ಇವಲ್ಲ. ನೀಲಾಂಬಿಕೆ ಡೆಸ್ಮಿನ್ ಇಲ್ಲದ ಮೀನಿನ ಮರಿಗಳನ್ನು ಬೆಳೆಸಿದ್ದಳು. ಅವು ಮೊಟ್ಟೆಯೊಡೆದು ಬಂದವು, ಉಳಿದ ಮರಿಗಳ ಹಾಗೆಯೇ ಈಜಿದವು.

“ಅವುಗಳಿಗೆ ಏನೂ ಆಗಲಿಲ್ಲ ಸರ್. ನಾನು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಈ ವಿಷಯ ಬಿಟ್ಟುಬಿಡುತ್ತೇನೆ.”

“ಬಿಡುವುದಕ್ಕೆ ಅವಸರವೇನು? ಕೂತುಕೋ,” ಎಂದು ಗುರುಗಳು ಕತೆ ಹೇಳಿದರು.

ಒಂದು ಹೊಳೆಯ ದಂಡೆಯಲ್ಲಿ ಇಬ್ಬರು ಅಂಬಿಗರಿದ್ದರು, ಅಣ್ಣ ಮತ್ತು ತಮ್ಮ. ಹರಿಗೋಲು ಕಟ್ಟುವುದೂ ಅವರೇ, ನಡೆಸುವುದೂ ಅವರೇ. ಅಣ್ಣ ಬಿದಿರಿನ ದಬ್ಬೆಗಳನ್ನು ಹೆಣೆದು ಮೊದಲು ಹುಲ್ಲಿನ ಹಗ್ಗದಿಂದ ಬಿಗಿಯುತ್ತಿದ್ದ. ದಬ್ಬೆಗಳು ಬಾಗಿ ಬುಟ್ಟಿಯ ಆಕಾರಕ್ಕೆ ಬಂದ ಮೇಲೆ ಆ ಹಗ್ಗ ಬಿಚ್ಚಿ, ದಬ್ಬೆಗೆ ದಬ್ಬೆ ಕೂಡುವಲ್ಲೆಲ್ಲ ತೊಗಲಿನ ಬಾರಿನಿಂದ ಕಟ್ಟು ಹಾಕುತ್ತಿದ್ದ. ಕೊನೆಗೆ ಹೊರಗಿನಿಂದ ಚರ್ಮ ಹೊದಿಸುತ್ತಿದ್ದ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಕಟ್ಟು ಹಾಕುವ ಕೆಲಸವೇ. ಅದನ್ನು ನೋಡಿದರೆ ತಮ್ಮನಿಗೆ ಮೈ ಉರಿಯುತ್ತಿತ್ತು.

“ಅಣ್ಣ, ಈ ಕಟ್ಟು ಹುಟ್ಟು ಹಾಕ್ತೈತೇನು? ನೀರು ತಡೀತೈತೇನು?” ಎಂದು ಒಮ್ಮೆ ಕೇಳಿದ.

“ಇಲ್ಲಪ್ಪ. ಹಿಡಕೊಂಡಿರತೈತಿ, ಅಷ್ಟ.”

“ಹಿಡಕೊಂಡಿರೋದೂ ಒಂದು ಕೆಲಸಾ ಏನು?” ಎಂದು ತಮ್ಮ ನಕ್ಕುಬಿಟ್ಟ.

ಅವನು ತನ್ನ ಹರಿಗೋಲನ್ನು ತಾನೇ ಬೇರೆ ಕಟ್ಟಿದ. ಹುಲ್ಲಿನ ಹಗ್ಗ ಬಿಚ್ಚಿದವನು ಬಾರನ್ನು ಮುಟ್ಟಲೇ ಇಲ್ಲ, ನೇರವಾಗಿ ಚರ್ಮ ಹೊದಿಸಿದ. ಅಣ್ಣನದು ಅರ್ಧ ಮುಗಿಯುವುದರೊಳಗೆ ತಮ್ಮನದು ಮಡುವಿಗೆ ಇಳಿಯಿತು. ಮಡುವಿನಲ್ಲಿ ನೀರು ನಿಂತ ನೀರು. ಹರಿಗೋಲು ಹಗುರಾಗಿ ತೇಲಿತು, ತಿರುಗಿಸಿದತ್ತ ತಿರುಗಿತು. ದಂಡೆಯವರು ಭೇಷ್ ಎಂದರು. ತಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ಹೊಳೆ ಏಕಾಏಕಿ ಏರಿತು. ಹುಲ್ಲು ಕೊಯ್ಯಲು ನಡುಗಡ್ಡೆಗೆ ಹೋದ ಹೆಂಗಸರು ಅಲ್ಲೇ ಸಿಕ್ಕಿಕೊಂಡರು. ಅವರಲ್ಲಿ ತಮ್ಮನ ಹೆಂಡತಿಯೂ ಇದ್ದಳು. ಅವಳು ಬಸುರಿ.

ತಮ್ಮ ಯಾರಿಗೂ ಕಾಯದೆ ತನ್ನ ಹರಿಗೋಲು ನೂಕಿದ. ಸೆಳವಿಗೆ ಬಿದ್ದದ್ದೇ ತಡ, ಒಳಗೆ ದಬ್ಬೆಗಳು ಒಂದರ ಮೇಲೊಂದು ಜಾರತೊಡಗಿದವು. ಅವನು ಎಷ್ಟು ಬಲವಾಗಿ ಹುಟ್ಟು ಹಾಕಿದನೋ ಅಷ್ಟು ಬೇಗ ಜಾರಿದವು. ದುಂಡಗಿದ್ದದ್ದು ಸೊಟ್ಟಗಾಯಿತು. ಭಾರವೆಲ್ಲ ಚರ್ಮದ ಮೇಲೆ ಬಿದ್ದು ಅದು ಹರಿಯಿತು. ಈಜಿ ನಡುಗಡ್ಡೆ ಮುಟ್ಟಿದವನಿಗೆ ಹೆಂಡತಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಬಿಡಿಸಲು ಬಂದವನೇ ಸಿಕ್ಕಿಬಿದ್ದಿದ್ದ.

ಆಗ ಅಣ್ಣನ ಹರಿಗೋಲು ಬಂತು. ಎಲ್ಲರನ್ನೂ ಒಂದೇ ಸಲ ಹತ್ತಿಸಿಕೊಂಡಿತು. ನಡುಹೊಳೆಯಲ್ಲಿ ಸೆಳವು ಅದನ್ನು ಹಿಂಡಿತು. ಹರಿಗೋಲು ಉದ್ದಕ್ಕೆ ಜಗ್ಗಿತು, ಹೆಂಗಸರು ಚೀರಿಕೊಂಡರು, ಅದು ಮತ್ತೆ ದುಂಡಗಾಯಿತು. ತಳದಲ್ಲಿ ಕೂತ ತಮ್ಮನ ಅಂಗೈ ಒಂದು ಕಟ್ಟಿನ ಮೇಲಿತ್ತು. ಪ್ರತಿ ಅಲೆಗೂ ಆ ಕಟ್ಟು ಬಿಗಿಯಿತು, ಸಡಿಲಾಯಿತು, ಬಿಡಲಿಲ್ಲ. ಪಕ್ಕದ್ದೂ ಬಿಡಲಿಲ್ಲ. ಒಂದೂ ಬಿಡಲಿಲ್ಲ! ಅವನಿಗೆ ಭಯ ಹೋಗಿ ಎಲ್ಲಿಲ್ಲದ ಹುರುಪು ಬಂತು. ಅಣ್ಣನ ಜತೆ ತಾನೂ ಹುಟ್ಟು ಹಿಡಿದು ಮೈಯ ಬಲವನ್ನೆಲ್ಲ ಹಾಕಿದ. ಈ ಸಲ ಅವನ ಬಲಕ್ಕೆ ದಬ್ಬೆ ಜಾರಲಿಲ್ಲ, ಹೊಳೆಯೇ ಸರಿದು ದಾರಿ ಕೊಟ್ಟಿತು.

ದಂಡೆಯಲ್ಲಿ ನಿಂತ ಊರಿಗೆ ಊರೇ ಹೋ ಎಂದು ಕೂಗಿತು. ಒಬ್ಬರೂ ತಪ್ಪದೆ ಎಲ್ಲರೂ ನೆಲ ಮುಟ್ಟಿದರು. ತಮ್ಮ ಒದ್ದೆ ಪಂಚೆ ಹಿಂಡುವ ಮೊದಲೇ ಅಣ್ಣನ ಮುಂದೆ ಕೈಚಾಚಿ, “ಬಾರು ಕೊಡು,” ಎಂದ.

ಗುರುಗಳು ಕತೆ ನಿಲ್ಲಿಸಿದರು. ನೀಲಾಂಬಿಕೆಗೆ ಸಮಾಧಾನವಾಗಲಿಲ್ಲ.

“ಆದರೆ ಸರ್, ನನ್ನ ಮೀನುಗಳ ಸ್ನಾಯು ಹರಿಯಲೇ ಇಲ್ಲವಲ್ಲ?”

ಕಿಟಕಿಯ ಬಳಿ ಅವಳ ಗಾಜಿನ ತೊಟ್ಟಿಯಿತ್ತು. ಅದರಲ್ಲಿ ನೀರು ಅಲುಗುತ್ತಿರಲಿಲ್ಲ. ಗುರುಗಳು ಅದರ ಕಡೆ ಬೆರಳು ಮಾಡಿದರು.

“ಅವನ್ನು ನೀನು ಇನ್ನೂ ಮಡುವಿನಿಂದ ಹೊಳೆಗೆ ಬಿಟ್ಟೇ ಇಲ್ಲವಲ್ಲ, ತಾಯಿ.”

ನೀಲಾಂಬಿಕೆ ಎದ್ದು, ತೊಟ್ಟಿಯಲ್ಲಿ ಸೆಳವು ಎಬ್ಬಿಸಲು ಒಂದು ಪಂಪು ಹುಡುಕತೊಡಗಿದಳು.