ರಾಚಪ್ಪ ಮಾಸ್ತರರ ಅಕಾರ್ಡಿಯನ್

ಹೊಳೆದಂಡೆಯ ಆಶ್ರಮದಲ್ಲಿ ಪಂಪಯ್ಯನವರು ಸಂಗೀತ ಹೇಳಿಕೊಡುತ್ತಿದ್ದರು. ಒಂದು ಬೆಳಿಗ್ಗೆ ಶಿಷ್ಯೆ ಇಂದುಮತಿ ಭಾರದ ಪೆಟ್ಟಿಗೆಯೊಂದನ್ನು ಹೊತ್ತು ತಂದು ಅವರ ಮುಂದಿಟ್ಟಳು. ತೆರೆದರೆ ಒಳಗೆ, ಹೆಗಲಿಗೆ ತೂಗುಹಾಕಿಕೊಂಡು ತಿದಿ ಎಳೆದು ಒತ್ತಿ ನುಡಿಸುವ ಹಳೇ ಅಕಾರ್ಡಿಯನ್.

"ನಮ್ಮಜ್ಜ ರಾಚಪ್ಪ ಮಾಸ್ತರದ್ದರೀ," ಎಂದಳು. ಹೇಳುವಾಗ ಅವಳ ಎದೆ ಉಬ್ಬಿತ್ತು. "ಇಟಲಿ ದೇಶದ್ದು. ನಾಟಕ ಕಂಪನಿಯೊಳಗ ಅವರು ಇದನ್ನ ಹಿಡಿದು ಕುಂತರ ಊರಿಗೆ ಊರೇ ಕಿವಿಯಾಗತಿತ್ತಂತ."

"ಛಲೋ ಆತು. ನನ್ನ ಕಡೆ ಯಾಕ ತಂದಿ?"

ಇಂದುಮತಿಯ ಮುಖ ಸಣ್ಣದಾಯಿತು. ಮಾರನೆಯ ದಿನ ಒಬ್ಬರು ಅದನ್ನು ಕೊಳ್ಳಲು ಬರುವವರಿದ್ದರು. ನಮ್ಮ ಮನೆಯ ಹೆಣ್ಣುಮಕ್ಕಳು ಯಾರೂ ನುಡಿಸಿದವರಲ್ಲ, ನಿನಗ್ಯಾಕೆ ಇದು ಎಂದು ಅಪ್ಪ ಒಂದೇ ಮಾತಿಗೆ ಮುಗಿಸಿಬಿಟ್ಟಿದ್ದ. ಅವಳಿಗೋ, ಬಿಟ್ಟುಕೊಡಲು ಮನಸ್ಸಿರಲಿಲ್ಲ.

"ಮಾರೂದ ಆದರ, ಇದು ಎಂಥಾದ್ದು, ಏನು ಬೆಲೆ ಬಾಳತದ, ನೀವು ಹೇಳಬೇಕರೀ. ಈ ಕಡೆ ಒಂದಿಷ್ಟು ಗೀರು ಬಿದ್ದಾವು. ಅವನ್ನ ಉಜ್ಜಿ ತೆಗೆಸಿಬಿಡ್ತೀನಿ."

ಪಂಪಯ್ಯನವರು ತಯಾರಕರ ಹೆಸರಿದ್ದ ಹಿತ್ತಾಳೆ ಪಟ್ಟಿಯನ್ನು ನೋಡಲಿಲ್ಲ. ಗೀರುಗಳ ಮೇಲೆ ಬೆರಳಾಡಿಸಿದರು. ಎಡಗೈ ತೂರಿಸುವ ಚರ್ಮದ ಪಟ್ಟಿಯ ಪಕ್ಕದಲ್ಲಿ, ಬಾಗಿದ ಸಣ್ಣ ಸಣ್ಣ ಗೀರುಗಳು, ಒಂದರ ಮೇಲೊಂದು, ಲೆಕ್ಕವಿಲ್ಲದಷ್ಟು.

"ಹೆಗಲಿಗೆ ಹಾಕ್ಕೊ. ನುಡಸು."

ಇಂದುಮತಿ, ಆಶ್ರಮದಲ್ಲಿ ವಾದ್ಯ ಮುಟ್ಟುವಾಗಿನ ರೂಢಿಯಂತೆ, ಮೊದಲು ಕೈಬಳೆ ಕಳಚತೊಡಗಿದಳು.

"ಅವು ಇರಲಿ."

"ವಾದ್ಯಕ್ಕ ತಾಗತಾವರೀ."

"ತಾಗಲಿ."

ಅವಳು ಎಡಗೈ ತೂರಿಸಿ ತಿದಿ ಎಳೆದಳು. ಗಾಜಿನ ಬಳೆಗಳು ಜಾರಿ ಬಂದು ಆ ಗೀರುಗಳ ಮೇಲೆಯೇ ಕೂತವು. ಒತ್ತಿದಳು, ಮತ್ತೆ ಎಳೆದಳು. ಬಳೆ ಮತ್ತೆ ಅಲ್ಲಿಗೇ ಬಂತು.

ಅವಳ ಕೈ ನಿಂತಿತು.

"ಯಾಕವಾ, ನಿಮ್ಮಜ್ಜ ಕೈಗೆ ಬಳಿ ಇಟ್ಕೋತಿದ್ದನೇನು?" ಗುರುಗಳು ನಗುತ್ತಾ ಕೇಳಿದರು.

"ಇಲ್ಲರೀ... ಹೊರಗಿನವರ ಕೈಗೆ ಅಜ್ಜ ಇದನ್ನ ಎಂದೂ ಕೊಟ್ಟವರಲ್ಲ. ಮನಿಯೊಳಗ ಇದ್ದಾಕಿ ಅಜ್ಜಿ ಬಾಳವ್ವ ಒಬ್ಬಾಕಿನ." ಅವಳ ದನಿ ಇಳಿಯಿತು. "ಆಕಿ ಕಂಪನಿಯವರಿಗೆ ರೊಟ್ಟಿ ಬಡದು ಹಾಕತಿದ್ಲು ಅಂತಷ್ಟ ಎಲ್ಲಾರೂ ಹೇಳ್ತಾರರೀ."

"ಒಂದೆರಡು ದಿನದಾಗ ಬಿದ್ದ ಗೀರಲ್ಲ ಇವು. ವರ್ಷಗಟ್ಟಲೆ ನುಡಿಸ್ಯಾಳ ನಿಮ್ಮಜ್ಜಿ."

ಇಂದುಮತಿಯ ಕಣ್ಣು ತುಂಬಿ ಬಂತು. ಅಜ್ಜನ ಹೆಸರು ಹೇಳುವಾಗಿನ ಹೆಮ್ಮೆ ಈಗಿನದರ ಮುಂದೆ ಏನೂ ಅಲ್ಲ ಅನ್ನಿಸಿತು. ಬಹಳ ಹೊತ್ತು ಆ ಗೀರುಗಳನ್ನು ಸವರುತ್ತಾ ಕೂತಳು. ಆಮೇಲೆ ತಲೆಯೆತ್ತಿದಳು.

"ನಾಳೆ ಕೊಳ್ಳಾಕ ಬರೋರಿಗೆ ಏನಂತ ಹೇಳಲಿರೀ?"

"ಬಾಳವ್ವನ ವಾರಸುದಾರಳು ಸಿಕ್ಕಾಳ ಅಂತ ಹೇಳು."